ಹಿನ್ನೀರಿನ ಮೇಲಿನ ಕೆಂಪು ಚುಕ್ಕೆ

ಮಾಡಿದ ಕೆಲಸವನ್ನು ಕೂಡಲೇ ಮನೆಮಂದಿಗೆ ತೋರಿಸಿ ಶಹಬ್ಬಾಸ್ ಕೇಳಬಾರದು. ಇದು ನಾನು ಎಂದೂ ಪಾಲಿಸದ ನನ್ನ ಸ್ವಂತ ನಿಯಮ. ಕಾಲೇಜಿನಲ್ಲಿ ಭೂಗೋಳ ಕಲಿಸುವ ನನಗೆ ಈಚೆಗೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಹುಚ್ಚು ಹಿಡಿದಿದೆ. ನಮ್ಮ ಸೀಮೆಯಲ್ಲಿ ಬಂದೂಕಿನ ಗುಂಡಿಗೆ ಸತ್ತವರನ್ನು ಹಳೆಯ ಪತ್ರಿಕೆಗಳಿಂದ ಹೆಕ್ಕಿ, ಒಬ್ಬೊಬ್ಬರಿಗೆ ಒಂದೊಂದು ಕೆಂಪು ಚುಕ್ಕೆ ಇಟ್ಟೆ. ಚುಕ್ಕೆ ಒತ್ತಿದರೆ ಊರು, ವರ್ಷ, ನಡೆದದ್ದೇನು ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಒಟ್ಟಿಗೇ ಮಿನುಗಿದಾಗ, ಸತ್ತವರನ್ನು ಮರೆತು ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಸುಮ್ಮನಿರಲಾರದೆ, ಅತ್ತೆಯ ಧಾರಾವಾಹಿಯ ಹೊತ್ತಿಗೇ ಅದನ್ನು ಟಿ.ವಿ.ಗೆ ಜೋಡಿಸಿದೆ. ದೊಡ್ಡ ಪರದೆಯಲ್ಲಿ ಎಡವಟ್ಟೊಂದು ಕಣ್ಣಿಗೆ ಬಿತ್ತು. ಕೊಲ್ಹಾರದ ಹತ್ತಿರ, ಕೃಷ್ಣೆಯ ಹಿನ್ನೀರಿನ ನಟ್ಟನಡುವೆ ಒಂದು ಚುಕ್ಕೆ! "ಮೀನಿಗೆ ಯಾರರೆ ಗುಂಡು ಹೊಡಿತಾರೇನು?" ಎಂದು ನಕ್ಕು ಅಳಿಸಲು ಹೊರಟೆ.

ಧಾರಾವಾಹಿಗೆಂದು ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದಿದ್ದ ಅತ್ತೆ, "ತಡಿ ಯವ್ವಾ, ಅಳಸಬ್ಯಾಡ. ಅಂವ ನಮ್ಮಣ್ಣ" ಎಂದರು.

ಅತ್ತೆಯ ಅಣ್ಣ ಚಿಕ್ಕ ವಯಸ್ಸಿಗೇ ತೀರಿಕೊಂಡ ಎಂದಷ್ಟೇ ನಾನು ಕೇಳಿದ್ದೆ. ಹಳೆಯ ಕೊಲ್ಹಾರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲು, ಮದುವೆ ಮೆರವಣಿಗೆಯಲ್ಲಿ ಯಾರೋ ಖುಷಿಗೆ ಹಾರಿಸಿದ ಗುಂಡು, ಮನೆಯ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ ಅವನಿಗೆ ತಾಗಿತಂತೆ.

"ಆಮ್ಯಾಲ ನೀರು ಬಂತು. ಮನಿ, ಕಟ್ಟಿ, ಓಣಿ ಎಲ್ಲಾ ಹ್ವಾದ್ವು. ಅಂವ ಬಿದ್ದದ್ದು ಇಲ್ಲೇ ಅಂತ ತೋರ್ಸಾಕ ನನಗ ನೆಲಾನ ಉಳಿಲಿಲ್ಲ." ಅತ್ತೆ ಚುಕ್ಕೆಯ ಮೇಲೆ ಬೆರಳಿಟ್ಟರು. "ಇಷ್ಟು ವರ್ಷಕ್ಕ ಸಿಕ್ಕ ನೋಡು."

ಹಳೆಯ ಊರಿನ ನಕ್ಷೆ ನೋಡಿ ಆ ಜಾಗ ಹಿಡಿದವಳು ನಾನೇ, ಅಷ್ಟೊಂದು ಚುಕ್ಕೆಗಳ ನಡುವೆ ಅದನ್ನು ಮರೆತವಳೂ ನಾನೇ. ಅಲ್ಲಿ ಒಬ್ಬ ಮನುಷ್ಯ ನಿಂತಿದ್ದ ಎಂದು ಅನಿಸಿದ್ದು ಮಾತ್ರ ಆಗಲೇ. ಬಸ್ಸು ಕೊಲ್ಹಾರದ ಸೇತುವೆ ಏರಿದಾಗಲೆಲ್ಲ ಅತ್ತೆ ಕಿಟಕಿಯಿಂದ ಒಂದು ರೂಪಾಯಿ ನೀರಿಗೆ ಎಸೆದು ಕೈಮುಗಿಯುತ್ತಿದ್ದರು. ಅದು ಹೊಳೆಗೆ ಕೊಡುವ ಕಾಣಿಕೆ ಎಂದುಕೊಂಡು, "ಮೀನು ಸಾವ್ಕಾರ ಆಗ್ತಾವ್ರಿ ಅತ್ತಿ" ಎಂದು ಛೇಡಿಸುತ್ತಿದ್ದೆ. ನನ್ನ ಹಾಸ್ಯಕ್ಕೆ ಮೀನೊಂದೇ ಬಂಡವಾಳ. ಹಿಟ್ಟಿನ ಬೆರಳಿನ ಗುರುತು ಟಿ.ವಿ.ಯ ಮೇಲೆ ಹಾಗೇ ಉಳಿಯಿತು, ಒರೆಸಲು ನನಗೆ ಧೈರ್ಯ ಬರಲಿಲ್ಲ.

ಮೊನ್ನೆ ಅದೇ ಸೇತುವೆಯ ಮೇಲೆ ನಾನೂ ಭಕ್ತಿಯಿಂದ ಪರ್ಸಿಗೆ ಕೈ ಹಾಕಿದೆ. ಒಂದು ನಾಣ್ಯವಿಲ್ಲ! ನನ್ನ ವ್ಯವಹಾರವೆಲ್ಲ ಮೊಬೈಲಿನಲ್ಲಿ. ತಡಕಾಡುತ್ತಿರುವಾಗಲೇ ಸೇತುವೆ ಮುಗಿಯುತ್ತ ಬಂತು. ಅತ್ತೆ ತಮ್ಮ ಚೀಲದಿಂದ ಇನ್ನೊಂದು ರೂಪಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಜಿಲ್ಲಾ ತುಂಬ ಸತ್ತವರನ್ನ ಹುಡುಕ್ತಿ, ನಿನ್ನ ಚೀಲದಾಗ ಒಂದ್ ರೂಪಾಯಿ ಸಿಗೂದಿಲ್ಲ. ಲಗೂ ಒಗಿ, ನಮ್ಮಣ್ಣ ಕಾಯಾಕತ್ತಾನ."