ಮುಗಿಲಪುರದ ರಾಜಕುಮಾರನ ಹಲ್ಲು

ನಾನು ಬ್ಯಾಡಗಿಯಲ್ಲಿ ಗೋಣಿಚೀಲದ ವ್ಯಾಪಾರಿ. ಜೊತೆಗೆ ಪ್ರೇಮ ಸಾಮ್ರಾಜ್ಯದ ಚಕ್ರವರ್ತಿ! ನಗಬೇಡಿ. ಮೋಡಗಳ ಮೇಲೊಂದು ಊರು, ಅಲ್ಲೊಬ್ಬ ರಾಜಕುಮಾರ, ಅವನಿಗಾಗಿ ಹಂಬಲಿಸುವ ರಾಜಕುಮಾರಿ, ನಡುವೆ ಮಾಟ ಮಂತ್ರ ಎಲ್ಲ ಇರುವ 'ಮುಗಿಲಪುರ' ಎಂಬ ಕಾದಂಬರಿ ಸರಣಿಯ ಮೂರು ಭಾಗ ಬರೆದವನು ನಾನೇ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಚೀಲದ ರಾಶಿಯ ಮೇಲೆ ಕೂತು, ಮೆಣಸಿನಕಾಯಿಯ ಘಾಟಿಗೆ ಸೀನುತ್ತ ಬರೆದದ್ದು. "ಸರ್, ವಿರಹದ ಅಧ್ಯಾಯ ಬರೆಯುವಾಗ ನೀವು ಅತ್ತಿರಬೇಕು" ಎಂದು ಓದುಗರು ಫೋನ್ ಮಾಡುತ್ತಾರೆ. ಅತ್ತಿದ್ದೆ. ಆ ದಿನ ಪಕ್ಕದ ಗೋದಾಮಿನಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದರು.

ಮೊದಲ ಭಾಗ ಅಚ್ಚಾಗುವಾಗ ಪ್ರಕಾಶಕರು ಲೇಖಕರ ಹಿನ್ನೆಲೆ ಕೇಳಿದರು. "ಗೋಣಿಚೀಲ" ಎಂದೆ. "ಅದನ್ನು ನಾವು ನೋಡಿಕೊಳ್ಳುತ್ತೇವೆ ಬಿಡಿ" ಎಂದು ಫೋನ್ ಇಟ್ಟರು. ಪುಸ್ತಕ ಕೈಗೆ ಬಂದಾಗ ಬೆನ್ನಿನ ಮೇಲೆ 'ಪ್ರಕೃತಿಯ ಮಡಿಲಲ್ಲಿ ಏಕಾಂತವನ್ನು ಧ್ಯಾನಿಸುವ ಲೇಖಕರು' ಎಂದು ಅಚ್ಚಾಗಿತ್ತು. ನನ್ನ ಹೆಂಡತಿ ಗಿರಿಜಾ ಅಷ್ಟನ್ನೇ ಓದಿದಳು.

"ಏಕಾಂತ ಎಲ್ಲೈತ್ರಿ? ನಮ್ಮ ಮನ್ಯಾಗ ಬಚ್ಚಲಕ್ಕೂ ಪಾಳಿ ಹಚ್ಚಬೇಕು!"

"ಒಳಗ ಓದಿ ನೋಡು."

"ಮುಗಿಲಾಗಿನ ಮಂದಿ ಕಥಿ ಓದಾಕ ನನಗೆಲ್ಲೈತ್ರಿ ಪುರಸೊತ್ತು?"

ಎಲ್ಲಿಯವರೋ ಓದಿ ಹೊಗಳಿದರೂ ಮನೆಯೊಳಗಿನವಳು ಪುಟ ತೆರೆಯದಿದ್ದರೆ ಆ ಸಂಕಟ ಲೇಖಕನಿಗೇ ಗೊತ್ತು. ಒಮ್ಮೆ, ಒಂದೇ ಒಮ್ಮೆ, ಗಿರಿಜಾ ನನ್ನ ಪುಸ್ತಕ ಓದಬೇಕು. ನನಗೆ ಬೇರೆ ಯಾವ ಪ್ರಶಸ್ತಿಯ ಆಸೆಯೂ ಇರಲಿಲ್ಲ. ಹೀಗಾಗಿ ರಾಣೆಬೆನ್ನೂರಿನ ಮಹಿಳಾ ಓದುಗರ ಬಳಗ ನನ್ನನ್ನು ಸನ್ಮಾನಕ್ಕೆ ಕರೆದಾಗ ಅವಳನ್ನೂ ಹೊರಡಿಸಿದೆ. ಚಪ್ಪಾಳೆ ಕೇಳಿಯಾದರೂ ಮನಸ್ಸು ಕರಗಲಿ!

ಸಭೆ ತುಂಬಿತ್ತು. ಮೇಡ್ಲೇರಿಯಿಂದ ಸೊಸೆಯನ್ನು ಬಿಡಲು ಬಂದಿದ್ದ ಒಬ್ಬ ಅಜ್ಜ, ಫ್ಯಾನಿನ ಕೆಳಗೆ ಜಾಗ ಸಿಕ್ಕಿತೆಂದು ಮುಂದಿನ ಸಾಲಿನಲ್ಲೇ ಕೂತು ತೂಕಡಿಸುತ್ತಿದ್ದ. ಅಧ್ಯಕ್ಷೆ ಮೇಡಂ ಅತ್ಯಂತ ಶೃಂಗಾರಮಯವಾದ ಭಾಗವನ್ನು ಓದಬೇಕೆಂದು ಕೋರಿದರು. ನಾನು ಗಂಟಲು ಸರಿಮಾಡಿಕೊಂಡು, ಓರೆಗಣ್ಣಿನಲ್ಲಿ ಗಿರಿಜಾಳನ್ನು ನೋಡಿ, ಶುರು ಮಾಡಿದೆ.

"ಬೆಳದಿಂಗಳಲ್ಲಿ ರಾಜಕುಮಾರ ತನ್ನ ರೇಷ್ಮೆಯ ಶಲ್ಯದ ಕೆಳಗೆ ಅವಳ ಕೈ ಹಿಡಿದ. ಒಂದು ಬೆರಳು ಒತ್ತಿದ. ಅವಳು ತಲೆ ಅಲ್ಲಾಡಿಸಿದಳು. ಎರಡು ಬೆರಳು ಒತ್ತಿದ. ಅವಳು ಮುಖ ತಿರುಗಿಸಿದಳು. ಮೂರನೆಯ ಬೆರಳು ಒತ್ತಿದಾಗ ಮುಗುಳ್ನಕ್ಕಳು."

ಅಜ್ಜ ಥಟ್ಟನೆ ಎಚ್ಚರಾದ. "ಮೂರಕ್ಕ ಬಿಟ್ಟುಕೊಟ್ಲೇನು? ಅಯ್ಯ, ಇನ್ನೂ ಜಗ್ಗಬೇಕಾಗಿತ್ತು!"

ಸಭೆ ಗೊಳ್ಳೆಂದಿತು. ನಾನು ಬೆವೆತೆ. ನಮ್ಮ ಕಡೆ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಚೌಕಾಶಿ ಮಾಡುತ್ತಾರೆ. ಗುತ್ತಲದಲ್ಲಿ ನಮ್ಮಪ್ಪ ಎತ್ತಿನ ದಲಾಲಿಯಾಗಿದ್ದ. ಚಿಕ್ಕಂದಿನಿಂದ ಒಬ್ಬರು ಇನ್ನೊಬ್ಬರ ಕೈಯನ್ನು ಅಷ್ಟು ಆಸೆಯಿಂದ ಹಿಡಿದದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ! ಪ್ರೇಮಿಗಳು ಕೈ ಹಿಡಿಯುವ ಸಂದರ್ಭ ಬಂದಾಗ ನನ್ನ ಲೇಖನಿ ನನ್ನನ್ನು ಕೇಳದೆ ಸೀದಾ ಸಂತೆಗೆ ಹೋಗಿಬಿಟ್ಟಿತ್ತು.

ಅಲ್ಲಿಗೇ ನಕ್ಕು ಕೂತಿದ್ದರೆ ಮಾನ ಉಳಿಯುತ್ತಿತ್ತು. ಆದರೆ ನಾನು ಲೇಖಕ! "ಇದು ಎರಡು ಆತ್ಮಗಳ ಮೌನ ಸಂವಾದ" ಎಂದೆ.

"ಮೌನನ ಇರಬೇಕ್ರಿ. ಬಾಜೂಕಿನ ಗಿರಾಕಿಗೆ ತಿಳದ್ರ ವ್ಯಾಪಾರ ಕೆಡತೈತಿ" ಎಂದು ಅಜ್ಜ ಅನುಮೋದಿಸಿದ.

ಮಾತು ತಪ್ಪಿಸಲು ಗಡಿಬಿಡಿಯಲ್ಲಿ ಇನ್ನೊಂದು ಪುಟ ತೆರೆದೆ. ಅದು ರಾಜಕುಮಾರನ ವರ್ಣನೆ. "ಅಗಲವಾದ ಎದೆ, ನೀಳವಾದ ಬೆನ್ನು, ಹಣೆಯ ಮೇಲೊಂದು ಶುಭದ ಸುಳಿ. ನಕ್ಕರೆ ಹಲ್ಲೆಲ್ಲ ಕೂಡಿದ್ದವು. ರಾಜಕುಮಾರಿ ಅವನನ್ನು ಅಂಗಳದಲ್ಲಿ ನಡೆಸಿ ನೋಡಿ..." ಓದುತ್ತ ಓದುತ್ತ ನನಗೇ ಗಾಬರಿಯಾಯಿತು. ಆದರೆ ನಾಲಿಗೆ ನಿಲ್ಲಲಿಲ್ಲ!

ಅಜ್ಜ ಎದ್ದು ನಿಂತ. "ಹಲ್ಲು ಕೂಡ್ಯಾವು, ಪ್ರಾಯ ತುಂಬೈತಿ, ಸುಳಿ ಚಲೋ ಐತಿ, ನಡಿಗಿನೂ ನೋಡ್ಯಾಳ. ಇನ್ನೇನ್ರಿ? ಹಗ್ಗ ಹಿಡಿದು ಮನಿಗೆ ಹೊಡಕೊಂಡು ಹೋಗೂದ!"

ಅಧ್ಯಕ್ಷೆ ಮೇಡಂ ಕಣ್ಣೊರೆಸಿಕೊಳ್ಳುತ್ತ, "ನಮ್ಮ ಲೇಖಕರು ಪ್ರಕೃತಿಯ ಮಡಿಲಲ್ಲಿ ಏಕಾಂತವನ್ನು..." ಎಂದು ನನ್ನ ರಕ್ಷಣೆಗೆ ಬಂದರು. ಅಷ್ಟರಲ್ಲಿ ಹಿಂದಿನಿಂದ ಗಿರಿಜಾಳ ದನಿ ಕೇಳಿತು. "ಏಕಾಂತ ಅಲ್ರಿ ಮೇಡಂ! ನಮ್ಮ ಮಾವನಾರು ಗುತ್ತಲದಾಗ ಎತ್ತಿನ ದಲಾಲಿ ಇದ್ರು!"

"ಹಂಗ ಹೇಳ್ರಿ ಮತ್ತ!" ಅಜ್ಜ ವೇದಿಕೆಯನ್ನೇ ಹತ್ತಿ ಬಂದ. "ಅವರ ಕಡಿಂದ ನಾನೂ ಒಂದು ಜೋಡಿ ತಗೊಂಡಿದ್ನಿ ತಮ್ಮಾ. ಸುಳ್ಳು ಆಡಿದ ಮನಷಾ ಅಲ್ಲ ಅವ."

ಆ ಮಾತಿಗೆ ಎದೆ ತುಂಬಿ ಬಂತು. ಅಷ್ಟು ಜನರ ಮುಂದೆ ಮಾನ ಹೋಗಿತ್ತು, ನಿಜ. ಆದರೆ ಪುಸ್ತಕದ ಬೆನ್ನಿನ ಮೇಲೆ ಎಲ್ಲೂ ಇಲ್ಲದ ನಮ್ಮಪ್ಪ ಸಭೆಯ ನಡುವೆ ಬಂದು ಕೂತ ಹಾಗಾಯಿತು. ನನಗೆ ಖುಷಿಯೇ ಆಯಿತು. ಶಾಲು ಹೊದಿಸುವಾಗ ಅಜ್ಜ ಅದರ ಕೆಳಗೆ ಕೈ ಚಾಚಿದಾಗ ಮಾತ್ರ ಸರಿದು ನಿಂತೆ.

ವಾಪಸು ಬರುವ ಬಸ್ಸಿನಲ್ಲಿ ಗಿರಿಜಾ ತಾನಾಗಿಯೇ ಮೊದಲ ಭಾಗ ತೆರೆದಳು. ಎತ್ತಿನ ಗುರುತುಗಳು ಇನ್ನೆಲ್ಲೆಲ್ಲಿ ಸಿಗುತ್ತವೆಂದು ಹುಡುಕಲು! ಮೋಟೆಬೆನ್ನೂರಿನವರೆಗೆ ಕಿಸಕ್ಕೆಂದು ನಗುತ್ತಿದ್ದವಳು ಆಮೇಲೆ ಕಥೆಯಲ್ಲಿ ಮುಳುಗಿದಳು. ಬ್ಯಾಡಗಿ ಬಂದರೂ ತಲೆ ಎತ್ತಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಹಾಲು ಉಕ್ಕಿತು, ರೊಟ್ಟಿ ಹೊತ್ತಿತು. ನಾನು ಕರಕು ರೊಟ್ಟಿಯನ್ನು ಪ್ರಸಾದದಂತೆ ತಿಂದೆ. ಎರಡನೆಯ ಭಾಗವೂ ಮುಗಿದ ದಿನ ಅವಳು ಅಂಗಡಿಗೇ ಬಂದಳು.

"ಚಲೋ ಬರದೀರಿ" ಎಂದಳು.

ನಾನು ನೆಲದ ಮೇಲಿರಲಿಲ್ಲ! "ರಾಜಕುಮಾರ ಹೆಂಗದಾನ?"

"ಅವ ಇರ್ಲಿ ಬಿಡ್ರಿ. ಅವನ ಹಾರೂ ಕುದ್ರಿ ಐತಲ್ಲ, ಅದರ ಮ್ಯಾಲ ಭಾಳ ಜೀವ ಆತು ನೋಡ್ರಿ ನನಗ. ಮುಂದಿನ ಭಾಗದಾಗ ಅದಕ್ಕೇನೂ ಆಗಂಗಿಲ್ಲ ಹೌದಲ್ರಿ?"

ಮೂರನೆಯ ಭಾಗದ ಎರಡನೆಯ ಅಧ್ಯಾಯದಲ್ಲೇ ನಾನು ಆ ಕುದುರೆಯನ್ನು ಕೊಂದಿದ್ದೇನೆ. ವಿಷ ಹಾಕಿ.

"ಏನೂ ಆಗಂಗಿಲ್ಲ. ಆದ್ರ ನನ್ನ ಹತ್ರ ಆ ಭಾಗದ ಪ್ರತಿ ಖಾಲಿ ಆಗ್ಯಾವು."

"ಚಿಂತಿ ಬ್ಯಾಡ್ರಿ. ನಾಳೆ ಹಾವೇರಿಗೆ ಹೊಂಟೇನಿ, ಅಂಗಡ್ಯಾಗ ತಗೊಂತೇನಿ."

ನಾನು ಅಂದೇ ಮಧ್ಯಾಹ್ನದ ಬಸ್ಸು ಹಿಡಿದು ಹಾವೇರಿಗೆ ಹೋಗಿ, ಪುಸ್ತಕದಂಗಡಿಯಲ್ಲಿದ್ದ ಮೂರನೆಯ ಭಾಗದ ಎಲ್ಲ ಪ್ರತಿಗಳನ್ನೂ ಕೊಂಡೆ. ಅಂಗಡಿಯವನಿಗೆ ನನ್ನ ಗುರುತಿಲ್ಲ. ಹಿಗ್ಗಿನಿಂದ ಚೀಲ ಕಟ್ಟಿಕೊಟ್ಟ.

"ಎಷ್ಟು ತಿಂಗಳಿಂದ ಧೂಳು ಹಿಡಿದು ಕುಂತಿದ್ವು ಸಾಹೇಬ್ರ, ಇವತ್ತ ಒಮ್ಮೆಲೇ ಓಡಾಕತ್ಯಾವು! ಈಗ ಫೋನ್ ಮಾಡ್ತೇನಿ. ನಾಳೆ ಮುಂಜಾನೆ ಇನ್ನೊಂದು ಬಂಡಲ್ ಬರತೈತಿ!"