ಅಕ್ಕನ ಕೈ ಯಾರ ವಿಭಾಗ?

ಬಸವನಗುಡಿಯ ಸುತ್ತಮುತ್ತ ಯಾವ ಕಾಯಿಲೆಗೂ ತಜ್ಞರ ಕೊರತೆಯಿಲ್ಲ. ನಿಮಗೆ ಬಂದಿರುವ ಕಾಯಿಲೆ ಮಾತ್ರ ಅವರಲ್ಲಿ ಯಾರಿಗೂ ಸೇರಿರುವುದಿಲ್ಲ. ನಮ್ಮ ಅಕ್ಕನ ಬಲಗೈ ಹಿಡಿದುಕೊಂಡು ಊರು ಸುತ್ತಿದ ಮೇಲೆ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಅಕ್ಕ ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಕೆಲವು ತಿಂಗಳಿಗೆ ಆ ಕಡೆಯ ಕೈ ಊದಿಕೊಂಡಿತು, ಭುಜದಿಂದ ಮೇಲಕ್ಕೆ ಏಳದಾಯಿತು. ಶಾಲೆ ತೆರೆಯುವುದರೊಳಗೆ ಕರಿಹಲಗೆಯ ಮೇಲೆ ಬರೆಯಲು ಆಗದಿದ್ದರೆ ಲೈಬ್ರರಿ ನೋಡಿಕೊಳ್ಳಿ ಎಂದು ಹೆಡ್‌ಮಿಸ್ ಹೇಳಿದ್ದರು. ಲೈಬ್ರರಿ ಎಂದರೆ ಒಂದು ಬೀರು. ಅದಕ್ಕೆ ಬೀಗ.

ಎಲ್ಲವೂ ಚೆನ್ನಾಗಿದೆ

ಮೊದಲು ಸರ್ಜನ್ ಹತ್ತಿರವೇ ಹೋದೆವು.

"ಆಪರೇಷನ್ ಫಸ್ಟ್ ಕ್ಲಾಸ್ ಆಗಿದೆಯಮ್ಮ."

"ಕೈ ಊದಿದೆ ಡಾಕ್ಟ್ರೇ."

"ನಾನು ಕೈಗೆ ಆಪರೇಷನ್ ಮಾಡಿಲ್ವಲ್ಲ!"

ಮಲ್ಲೇಶ್ವರದ ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು, ಇಂಥ ಮೂಳೆ ಈ ವಯಸ್ಸಿನವರಲ್ಲಿ ಅಪರೂಪ ಎಂದರು. ರಕ್ತನಾಳದವರು ರಕ್ತನಾಳವನ್ನು ಹೊಗಳಿದರು. ಒಳಗೆಲ್ಲ ಚೆನ್ನಾಗಿದ್ದ ಆ ಕೈ ಹೊರಗೆ ದಪ್ಪವಾಗುತ್ತಲೇ ಹೋಯಿತು.

ಮಾವಳ್ಳಿ ಚಿಕ್ಕಮ್ಮನ ತಜ್ಞ

ನಮ್ಮವರು ರೋಗಿಯನ್ನು ನೋಡಲು ಹಣ್ಣು ತರುತ್ತಾರೆ. ಮಾವಳ್ಳಿಯ ಚಿಕ್ಕಮ್ಮ ಹಣ್ಣಿನ ಜೊತೆ ಒಬ್ಬ ಮಾಲೀಸಿನವನನ್ನೂ ತಂದರು. ಅವನು ಅಕ್ಕನ ಕೈಗೆ ಎಣ್ಣೆ ಸುರಿದು ಹಲಸಿನಹಣ್ಣು ಬಿಡಿಸುವವನಂತೆ ಕೂತ. ಕೈ ಕೆಂಪಗಾಗಿ ಇನ್ನಷ್ಟು ಊದಿತು.

"ಇದೇ ಕಾಯಿಲೆಯವರಿಗೆ ಹಿಂದೆ ಮಾಡಿದೀಯೇನಪ್ಪ?" ಎಂದೆ.

"ಬೇಜಾನ್ ಜನಕ್ಕೆ ಸಾರ್."

"ವಾಸಿಯಾಯ್ತಾ?"

"ಆಗಿರ್ಬೇಕು ಸಾರ್. ಒಬ್ರೂ ತಿರುಗಿ ಬಂದಿಲ್ಲ."

ಆ ಕೈ, ಈ ಕೈ

ಅಕ್ಕನನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯವರೇ ಎಚ್ಚರಿಸಿದ್ದರು, ಆಪರೇಷನ್ ಆದ ಕಡೆಯ ಕೈಗೆ ಬಿಪಿ ಪಟ್ಟಿ ಕಟ್ಟಿಸಬೇಡಿ ಅಂತ. ಮಾಲೀಸಿನ ಮೇಲೆ ಮತ್ತೆ ಸರ್ಜನ್‌ಗೆ ತೋರಿಸಲು ಹೋದಾಗ ಅದೇ ಆಸ್ಪತ್ರೆಯ ನರ್ಸಮ್ಮ ಪಟ್ಟಿ ಹಿಡಿದು ನೇರ ಬಲಗೈಗೆ ಬಂದರು.

"ಎಡಗೈಗೆ ಕಟ್ಟಿ" ಎಂದಳು ಅಕ್ಕ.

"ಮಷಿನ್ ಈ ಕಡೆಗಿದೆ ಮೇಡಂ."

ಮಷಿನ್ ಅಲುಗಾಡುವಂತಿರಲಿಲ್ಲ. ಅಕ್ಕ ಕುರ್ಚಿಯನ್ನೇ ತಿರುಗಿಸಿ, ನರ್ಸಮ್ಮನಿಗೆ ಬೆನ್ನು ಮಾಡಿ, ಗೋಡೆ ನೋಡುತ್ತ ಎಡಗೈ ಚಾಚಿದಳು.

"ಬಿಪಿ ತುಂಬಾ ಜಾಸ್ತಿ ಇದೆ. ಮನೇಲಿ ಯಾರಾದ್ರೂ ತಲೆ ತಿಂತಾರಾ?"

"ಮನೇಲಿ ಯಾರೂ ಇಲ್ಲಮ್ಮ" ಎಂದಳು ಅಕ್ಕ, ಗೋಡೆಗೆ.

ರಜೆಯ ದಿನ

ಅಷ್ಟೆಲ್ಲ ಆದ ಮೇಲೆ ಗೊತ್ತಾಯಿತು, ಸರ್ಜನ್ ಆ ದಿನ ರಜೆ. ಗೊಣಗುತ್ತ ಸ್ಕೂಟರ್ ತೆಗೆಯಲು ನೆಲಮಾಳಿಗೆಗೆ ಇಳಿದೆವು. ಅಲ್ಲೊಂದು ಬಾಗಿಲು; ಬಾಗಿಲ ನಡುಮಟ್ಟಕ್ಕೆ 'ಆಪರೇಷನ್ ನಂತರದ ಕೈ ಊತಕ್ಕೆ ಚಿಕಿತ್ಸೆ' ಎಂಬ ಫಲಕ. ಒಳಗೆ ಅದನ್ನೇ ಓದಿಕೊಂಡ ಒಬ್ಬ ಮಹಿಳಾ ಫಿಸಿಯೋಥೆರಪಿಸ್ಟ್ ಖಾಲಿ ಕೂತಿದ್ದರು. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದ ಮೇಲೆ ಕೆಲವರಿಗೆ ಕೈಯ ನೀರು ಸರಿಯಾಗಿ ಹರಿಯುವುದಿಲ್ಲ, ಇದಕ್ಕೆ ಲಿಂಫೆಡೀಮಾ ಎನ್ನುತ್ತಾರೆ ಎಂದು ಅವರು ವಿವರಿಸಿದರು. ಕೆಲವು ವಾರ ಹಗುರವಾಗಿ ಸವರಿ, ಬ್ಯಾಂಡೇಜ್ ಸುತ್ತಿ, ವ್ಯಾಯಾಮ ಕಲಿಸಿ, ಆಮೇಲೆ ಅಳತೆಗೆ ಸರಿಯಾದ ಬಿಗಿ ತೋಳುಚೀಲ ತೊಡಿಸಿದರು. ಚಿಕ್ಕಮ್ಮ ಬಂದು ನೋಡಿ, "ಇದೇನೇ, ಬೆಕ್ಕಿನ ಮೈ ಸವರಿದಂಗೆ ಸವರ್ತಾಳೆ!" ಎಂದು ಮೂಗು ಮುರಿದರು.

ಊತ ಪೂರ್ತಿ ಹೋಗಲಿಲ್ಲ, ಆದರೆ ಇಳಿಯಿತು. ಶಾಲೆ ತೆರೆದ ದಿನ ಅಕ್ಕ ಕರಿಹಲಗೆಯ ಮೇಲ್ತುದಿಯಿಂದ ಲೆಕ್ಕ ಶುರು ಮಾಡಿದಳು. ಬೀರುವಿನ ಬೀಗ ಹಾಗೇ ಇದೆ.

ಮುಂದಿನ ತಪಾಸಣೆಗೆ ಹೋದಾಗ ಸರ್ಜನ್ ಕೈ ನೋಡಿ ಹಿಗ್ಗಿದರು. "ತಾನಾಗೇ ಇಳೀತಲ್ಲಮ್ಮ!"

"ತಾನಾಗಿ ಅಲ್ಲ ಡಾಕ್ಟ್ರೇ. ನಿಮ್ಮ ನೆಲಮಾಳಿಗೇಲೇ ಇದಕ್ಕೆ ಒಬ್ಬರು ಇದಾರೆ."

"ನಮ್ಮಲ್ಲಾ? ಇಷ್ಟು ವರ್ಷದಿಂದ ನಾನೇ ನೋಡಿಲ್ಲ. ನಿಮಗೆ ಹೇಗೆ ಸಿಕ್ಕಿದ್ರು?"

"ನೀವು ರಜೆ ಹಾಕಿದ್ರಲ್ಲ, ಆವತ್ತು."

"ನನ್ನ ರಜೆಗೂ ಅವರಿಗೂ ಏನಮ್ಮ ಸಂಬಂಧ?"

"ಆವತ್ತು ಅವರ ಬಾಗಿಲಿಗೆ ಅಡ್ಡ ನಿಮ್ಮ ಕಾರಿರಲಿಲ್ಲ. ಫಲಕ ಕಾಣಿಸ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. ಮುಖದಲ್ಲಿ ನಿಜವಾದ ಸಂಕಟ.

"ಛೆ, ಪೇಶಂಟುಗಳಿಗೆ ಎಷ್ಟು ತೊಂದರೆ! ಇವತ್ತೇ ಮ್ಯಾನೇಜ್‌ಮೆಂಟಿಗೆ ಹೇಳ್ತೀನಿ" ಎಂದರು. "ಅವರ ರೂಮನ್ನ ಅಲ್ಲಿಂದ ತೆಗೆಸ್ಲಿ."