ತಂಬೂರಿಯ ಒಂದೆಳೆ ನೂಲು

ತಂಬೂರಿ ಇರೋ ಮನೆಯಲ್ಲಿ ಒಂದಲ್ಲ ಒಂದು ಆಗ್ತಾನೇ ಇರುತ್ತೆ ಬಿಡಿ. ಚಾಮರಾಜನಗರದಲ್ಲಿ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು ನಾನು. ಗುಂಡ್ಲುಪೇಟೆಯ ನಮ್ಮ ಸಂಗೀತದ ಮೇಷ್ಟ್ರು ಕೈ ನಡುಗಲು ಶುರುವಾದಾಗ ತಮ್ಮ ತಂಬೂರಿಯನ್ನು ನನಗೆ ಕೊಟ್ಟರು. ಮರುವರ್ಷ ಹೋಗಿಬಿಟ್ಟರು. ಅವರ ಕೈಯ ಆ ನಾದವನ್ನಾದರೂ ಉಳಿಸಿಕೊಳ್ಳಬೇಕು ಅನ್ನೋದೊಂದೇ ನನ್ನ ಆಸೆಯಾಗಿತ್ತು.

ಬಸ್ಸಿನಲ್ಲಿ

ಮೇಷ್ಟ್ರು ಕೊಟ್ಟ ದಿನ ತಂಬೂರಿಗೆ ಹಳೇ ಸೀರೆ ಸುತ್ತಿ, ಹಿಡಿದುಕೊಂಡು ಊರಿಗೆ ಬಸ್ಸು ಹತ್ತಿದೆ. ಗುಂಡಿ ಸಿಕ್ಕಾಗೆಲ್ಲ ತಂತಿಗಳು ಅದುರಿ 'ಝೊಂಯ್' ಅನ್ನೋವು. ತೆರಕಣಾಂಬಿ ಹತ್ತಿರ ಡ್ರೈವರ್ ಗಾಡಿ ನಿಲ್ಲಿಸಿ, ಇಳಿದು, ಬಸ್ಸಿನಡಿ ಬಗ್ಗಿ ಬಗ್ಗಿ ನೋಡಿದ. ನಾನು ನಾಚಿಕೊಂಡು ತಂಬೂರಿ ತೋರಿಸಿದೆ.

"ಮೊದ್ಲೇ ಯೋಳ್ಬಾರ್ದೇನಮ್ಮ? ಗೇರ್‌ಬಾಕ್ಸ್ ಓಯ್ತು ಅಂತ ಡಿಪೋಗೆ ಫೋನ್ ಮಾಡ್ಬುಟ್ಟೆ!" ಅಂದ.

ಅರ್ಧ ತಂತಿ

ನಮ್ಮತ್ತೆ ಚಂದಕವಾಡಿಯವರು. ನಾನು ಪಾಠ ಹೇಳುವಾಗ ಪಕ್ಕದಲ್ಲೇ ಅವರೆಕಾಯಿ ಸುಲೀತಾ ಕೂರೋರು. ಒಂದಿನ ತಂತಿಯ ನಟ್ಟನಡುವೆ ಬೆರಳು ತಾಗಿಸಿ ಮೀಟಿ, "ನೋಡಿ ಮಕ್ಕಳೇ, ಅರ್ಧ ತಂತಿ ಎರಡರಷ್ಟು ಬೇಗ ಅದುರುತ್ತೆ. ಷಡ್ಜವೇ, ಆದರೆ ಮೇಲಿನದು" ಅಂದೆ.

ಅತ್ತೆ ತಲೆಯೆತ್ತಿ, "ಅರ್ಧದಲ್ಲೇ ಬತ್ತದೆ ಅಂದ್ಮೇಲೆ ಇಷ್ಟುದ್ದ ಯಾಕಮ್ಮಿ ಮಾಡ್ಸಿದ್ದು? ಮನೇಲಿ ಜಾಗನಾರಾ ಉಳೀತಿತ್ತು!" ಅಂದರು.

ಆಯುಧಪೂಜೆ

ತಂಬೂರಿಯಲ್ಲಿ ತಂತಿಗಳನ್ನು ಹೊತ್ತು ಕೂರುವ ಪುಟ್ಟ ಮಣೆಗೆ ಕುದುರೆ ಅಂತಾರೆ; ಅದರ ಮೇಲೆ ಒಂದೊಂದು ತಂತಿಯಡಿಗೂ ಒಂದೆಳೆ ನೂಲಿರುತ್ತೆ. ತಂತಿ ಇಡಿಯಾಗಿ ಅದುರುವಾಗಲೇ ಎರಡು ಭಾಗವಾಗಿ, ಮೂರಾಗಿ, ನಾಲ್ಕಾಗಿಯೂ ಅದುರುತ್ತಿರುತ್ತೆ. ಆ ಭಾಗಗಳಿಂದ ಹುಟ್ಟೋ ಸಣ್ಣ ಸ್ವರಗಳ ಬಾಯಿ ಬಿಡಿಸೋದು ಈ ನೂಲೇ. ಒಂಚೂರು ಜರುಗಿದರೂ ನಾದ ಸತ್ತಂತೆ. ಮೇಷ್ಟ್ರು ಆ ನಡುಗುವ ಕೈಯಲ್ಲೇ ಒದ್ದಾಡಿ ಅದನ್ನು ಕೂರಿಸಿಕೊಟ್ಟಿದ್ದರು.

ಕಳೆದ ಆಯುಧಪೂಜೆ ದಿನ ನಾನು ಹೂವು ತರೋಷ್ಟರಲ್ಲಿ ಅತ್ತೆ ಕುಡುಗೋಲು, ಮಿಕ್ಸಿ, ಸ್ಕೂಟರ್ ಎಲ್ಲ ಒರೆಸಿ, ತಂಬೂರಿಯನ್ನೂ ಫಳಫಳ ಅನ್ನಿಸಿದ್ದರು. ಮೀಟಿದೆ. 'ಟೊಣ್' ಅಂತು, ಅಷ್ಟೆ.

"ನೂಲೆಲ್ಲಿ ಅತ್ತೆ?"

"ಅದಾ? ಕಸ ಸಿಕ್ಕಂಡಿತ್ತು ಕಣಮ್ಮಿ, ಕಿತ್ತು ಬಿಸಾಕ್ಬುಟ್ಟೆ."

ನಾನೇ ನೂಲಿಟ್ಟು ನೋಡಿದೆ, ಜರುಗಿಸಿ ನೋಡಿದೆ, ಊಹೂಂ, ಆ ನಾದ ಬರಲೇ ಇಲ್ಲ. ಕೇಳೋಣ ಅಂದರೆ ಮೇಷ್ಟ್ರೂ ಇಲ್ಲ. ತಂಬೂರಿ ಮುಂದೆ ಕೂತು ಅತ್ತುಬಿಟ್ಟೆ. ಅತ್ತೆ ಪಾಪ, ಚಪ್ಪಲಿ ಮೆಟ್ಟಿ ಅಂಗಡಿಬೀದಿಗೆ ಹೋದರು. ಬಂದವರೇ ನನ್ನ ಮಡಿಲಿಗೆ ದೊಡ್ಡದೊಂದು ನೂಲಿನುಂಡೆ ಹಾಕಿ, ಸೆರಗಲ್ಲಿ ತಮ್ಮ ಕಣ್ಣೊರೆಸಿಕೊಂಡು ಅಂದರು:

"ಅಳ್ಬ್ಯಾಡ ಕಣಮ್ಮಿ. ನಿಮ್ ಮೇಷ್ಟ್ರು ಒಂದೊಂದೇ ಎಳೆ ಆಕಿದ್ರಲ್ವಾ? ನೀನು ಉಂಡೆನೇ ಆಕು!"